ಕುಂಡದ ದಾಸವಾಳ ಬರೀ ಕಡ್ಡಿಯಾಗಿದೆ, ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಾವು ಈಚೆಗೆ ಬಂದಿರುವ ಬಾಡಿಗೆ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಕೆಂಪು ದಾಸವಾಳದ ಕುಂಡವೊಂದಿದೆ. ಎದೆಯೆತ್ತರಕ್ಕೆ ಬೆಳೆದಿದ್ದರೂ ಕೆಳಗೆಲ್ಲ ಕಡ್ಡಿ, ತುದಿಯಲ್ಲಿ ಮಾತ್ರ ಹಳದಿಗಟ್ಟಿದ ಎಲೆ. ಮೊಗ್ಗುಗಳು ಅರಳುವ ಮೊದಲೇ ಉದುರುತ್ತಿವೆ. ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ದಾವಣಗೆರೆಯಿಂದ:

ಗೊಬ್ಬರ ಹಾಕುವ ಅವಸರ ಬೇಡ. ಗಿಡ ಸೊರಗಿದೆ ಎಂದ ಕೂಡಲೇ ಎಲ್ಲರೂ ಗೊಬ್ಬರದ ಚೀಲಕ್ಕೇ ಕೈ ಹಾಕುತ್ತಾರೆ, ಆದರೆ ಬೇರು ಸೋತಿರುವ ಗಿಡಕ್ಕೆ ಅದರಿಂದ ಕೇಡೇ ಹೆಚ್ಚು. ಮೊದಲು ಕಾಂಡದ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು ಪದರ ಕಂಡರೆ ಆ ಕೊಂಬೆಗೆ ಜೀವವಿದೆ. ಕಂದಾಗಿ ಒಣಗಿದ್ದರೆ ಹಸಿರು ಸಿಗುವವರೆಗೂ ಕೆಳಕ್ಕೆ ಕೆರೆಯುತ್ತಾ ಹೋಗಿ, ಸತ್ತ ಭಾಗವನ್ನು ತೆಗೆದುಹಾಕಿ.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಹಳೆಯ ಕಡ್ಡಿಯನ್ನು ಹಾಗೆಯೇ ಇಟ್ಟುಕೊಂಡು ಹೂವಿಗಾಗಿ ಕಾಯುವುದರಲ್ಲಿ ಪ್ರಯೋಜನವಿಲ್ಲ. ಹಾಗೆಂದು ಒಂದೇ ಸಲಕ್ಕೆ ಬೋಳಿಸಲೂ ಬಾರದು. ಹೊರಮುಖವಾಗಿರುವ ಗಿಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು, ಮೂರನೇ ಒಂದು ಭಾಗದಷ್ಟು ಕೊಂಬೆಗಳನ್ನು ಕತ್ತರಿಸಿ. ಅವು ಚಿಗುರಿದ ಮೇಲೆ ಉಳಿದವುಗಳ ಸರದಿ. ನಮ್ಮ ಊರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮುಂಗಾರು ಹಿಡಿದ ಜೂನ್ ಅಥವಾ ಚಳಿ ಇಳಿಯುವ ಫೆಬ್ರುವರಿ ಸೂಕ್ತ.

ಅದೇ ಸಮಯದಲ್ಲಿ ಗಿಡವನ್ನು ಕುಂಡದಿಂದ ಹೊರತೆಗೆದು ಬೇರನ್ನೂ ನೋಡಿ. ಬಹುಕಾಲ ಒಂದೇ ಕುಂಡದಲ್ಲಿದ್ದರೆ ಬೇರು ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ಹೊರಸುತ್ತನ್ನು ಕತ್ತರಿಸಿ ಬಿಡಿಸಿ. ಈ ಸುತ್ತಿನ ಎರೆಮಣ್ಣು ಹೊಲಕ್ಕೆ ಎಷ್ಟೇ ಒಳ್ಳೆಯದಾದರೂ ಕುಂಡಕ್ಕೆ ಹೇಳಿದ್ದಲ್ಲ: ನೆನೆದಾಗ ಅಂಟಾಗಿ ಬೇರಿಗೆ ಗಾಳಿಯಾಡಲು ಬಿಡುವುದಿಲ್ಲ, ಒಣಗಿದಾಗ ಬಿರಿದು ಬೇರನ್ನೇ ಹರಿಯುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಸಾಕು. ಒಂದು ವಾರ ನೆರಳಿನಲ್ಲಿಟ್ಟು, ಅನಂತರ ಹಂತಹಂತವಾಗಿ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆಗೆ ಸರಿಸಿ. ಬೆಳಕು ಸಾಲದ ಮೂಲೆಯಲ್ಲಿಟ್ಟರೆ ಮತ್ತೆ ಕಡ್ಡಿಯಾಗಿಯೇ ಏಳುತ್ತದೆ.

ಎಲೆಯ ಹಳದಿಯನ್ನು ಹತ್ತಿರದಿಂದ ನೋಡಿ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದು, ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದ್ದರೆ, ಅದು ಬಹುಮಟ್ಟಿಗೆ ಬೋರ್‌ವೆಲ್ಲಿನ ಗಡಸು ನೀರಿನಿಂದಾಗಿ ಗಿಡಕ್ಕೆ ಕಬ್ಬಿಣದ ಅಂಶ ದಕ್ಕದಿರುವ ಲಕ್ಷಣ. ಮಳೆನೀರು ಹಿಡಿದಿಟ್ಟು ಕೊಟ್ಟರೆ ಅದಕ್ಕಿಂತ ಅಗ್ಗದ ಮದ್ದಿಲ್ಲ.

ಚಿತ್ರದುರ್ಗದಿಂದ:

ಮೇಲೆ ಬರೆದವರ ಮಾತು ಸರಿ. ಮೊಗ್ಗಿನ ವಿಷಯವನ್ನಷ್ಟೇ ಸೇರಿಸುತ್ತೇನೆ. ಒಂದು ದಿನ ಮಣ್ಣು ಪೂರ್ತಿ ಒಣಗಿ, ಮರುದಿನ ಕುಂಡ ತುಂಬ ನೀರು ಸುರಿದರೆ ಮೊಗ್ಗು ನಿಲ್ಲುವುದಿಲ್ಲ. ನಮ್ಮ ಕಡೆಯ ಒಣಗಾಳಿಯಲ್ಲಂತೂ ಇದು ಇನ್ನೂ ಹೆಚ್ಚು. ಕೊಂಬೆಯ ಮೇಲೆ ಇರುವೆ ಸಾಲು ಹಿಡಿದಿದ್ದರೆ ಎಲೆಯ ಬುಡದಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಇದೆಯೇ ನೋಡಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಸಂಜೆ ಎಲೆಯ ಅಡಿಭಾಗಕ್ಕೂ ಸಿಂಪಡಿಸಬೇಕು. ಚಿಗುರು ಬಲಿತ ಮೇಲೆ, ಚಳ್ಳಕೆರೆಯ ಎಣ್ಣೆ ಗಾಣಗಳಿಂದ ಬರುವ ಶೇಂಗಾ ಹಿಂಡಿಯನ್ನು ನೆನೆಸಿ ತೆಳ್ಳಗೆ ಮಾಡಿ ಕೊಡಬಹುದು. ನಾತ ಬರುವುದರಿಂದ ಅಕ್ಕಪಕ್ಕದವರಿಗೆ ಮೊದಲೇ ಹೇಳಿಡುವುದು ಕ್ಷೇಮ. ಕತ್ತರಿಸಿದ ಕಡ್ಡಿಗಳಲ್ಲಿ ಪೆನ್ಸಿಲ್ ಗಾತ್ರದವನ್ನು ಎಸೆಯಬೇಡಿ, ಕೆಂಪು ದಾಸವಾಳ ಮಳೆಗಾಲದಲ್ಲಿ ತೇವದ ಮರಳಿನಲ್ಲಿ ಸುಲಭವಾಗಿ ಬೇರು ಬಿಡುತ್ತದೆ. ತಾಯಿಗಿಡ ಕೈಕೊಟ್ಟರೂ ಸಸಿ ನಿಮ್ಮ ಬಳಿ ಇರುತ್ತದೆ.