ಸಹಾಯ ಬೇಕು: ಒಂದೇ ದುಬಾರಿ ಗಾಳದ ರೀಲಾ, ಹಾಳಾದಾಗೆಲ್ಲ ಅಗ್ಗದ್ದಾ?

ಗಾಳ ಹಾಕುವ ಅಣ್ಣಂದಿರೇ, ಒಂದು ಸಲಹೆ ಬೇಕಿತ್ತು.

ನಾನು ಮಲ್ಪೆ ಕಡೆ ಅಳಿವೆ ಹತ್ತಿರ ಕಲ್ಲಿನ ಮೇಲೆ ನಿಂತು ಗಾಳ ಹಾಕುತ್ತೇನೆ. ಕೆಂಬೇರಿ, ಮುರು ಮೀನು ಸಿಗುತ್ತವೆ. 9 ಅಡಿ ರಾಡ್, 20 ಪೌಂಡ್ ಬ್ರೇಡ್ (ಹೆಣೆದ ದಾರ). ಈಗಿರುವ ಅಗ್ಗದ 4000 ಸೈಜ್ ರೀಲ್ ಒಂದೇ ವರ್ಷಕ್ಕೆ ಸುಸ್ತಾಗಿದೆ. ಹ್ಯಾಂಡಲ್ ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ ಕರಕರ ಅನ್ನುತ್ತದೆ. ದಾರ ಹಾದು ಬರುವ ಲೈನ್ ರೋಲರ್ ತಿರುಗುವುದೇ ಇಲ್ಲ, ಬ್ರೇಡ್ ಅದರ ಮೇಲೆ ಉಜ್ಜಿಕೊಂಡೇ ಬರುತ್ತದೆ.

ಮನೆಗೆ ಬಂದ ಕೂಡಲೇ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬ್ರೇಕ್) ಬಿಗಿ ಮಾಡಿ ಸಿಹಿನೀರಲ್ಲಿ ಮೆಲ್ಲಗೆ ತೊಳೆಯುತ್ತೇನೆ. ಬಿಚ್ಚಿ ಹೊಸ ಗ್ರೀಸ್ ಹಾಕಿದೆ, ರೋಲರ್ ಬೇರಿಂಗಿಗೆ ಎಣ್ಣೆ ಬಿಟ್ಟೆ. ಸ್ವಲ್ಪ ದಿನ ಸರಿ, ಮತ್ತೆ ಅದೇ ಕಥೆ.

ಈಗ ಶಿಮಾನೊ ಕಂಪನಿಯ ಸಿಯೆನ್ನಾ, ಸ್ಟ್ರಾಡಿಕ್ ಎರಡು ರೀಲ್‌ಗಳ ಮಧ್ಯೆ ಸಿಕ್ಕಿಕೊಂಡಿದ್ದೇನೆ. ಒಂದು ಸ್ಟ್ರಾಡಿಕ್ ದುಡ್ಡಿಗೆ ನಾಲ್ಕೈದು ಸಿಯೆನ್ನಾ ಬರುತ್ತವೆ. ಸ್ಟ್ರಾಡಿಕ್‌ನಲ್ಲಿ ನೀರು ತಡೆಯುವ ಎಕ್ಸ್-ಪ್ರೊಟೆಕ್ಟ್ ಇದೆ, ಗಟ್ಟಿ ಹಗಾನೆ ಗೇರ್ ಇದೆ. ಅದಕ್ಕೆ ದುಡ್ಡು ಕೊಡಬಹುದು. ಬೇರಿಂಗ್ ಸಂಖ್ಯೆ ಜಾಸ್ತಿ ಅಂತ ಸುಮ್ನೆ ಕೊಡಲು ಮನಸ್ಸಿಲ್ಲ. ಉಪ್ಪುನೀರಲ್ಲಿ ಬೇರಿಂಗ್ ಜಾಸ್ತಿಯಾದಷ್ಟೂ ತುಕ್ಕು ಹಿಡಿಯುವ ಜಾಗವೂ ಜಾಸ್ತಿ ಅಲ್ವಾ? ಮತ್ತೆ ಎಕ್ಸ್-ಪ್ರೊಟೆಕ್ಟ್ ಅಂದರೆ ಪೂರ್ತಿ ಸೀಲ್ ಏನಲ್ಲ. ಅಲೆ ಬಡಿದು ರೀಲ್ ಮೇಲೆಯೇ ನೀರು ಎರಚುವ ಕಡೆ ಅದು ಎಷ್ಟು ತಾಳುತ್ತದೆ ಎಂಬುದೇ ನನ್ನ ಗೊಂದಲ.

ಕಲ್ಲಿನ ಮೇಲಿಂದ ಸ್ಟ್ರಾಡಿಕ್ ಬಳಸಿದವರು ದಯವಿಟ್ಟು ಹೇಳಿ: ಗೇರ್ ಬದಲಿಸದೆ ಮೂರ್ನಾಲ್ಕು ವರ್ಷ ಬಾಳಿತಾ? ಇಲ್ಲಾ, ಸಿಯೆನ್ನಾ ತಗೊಂಡು ಹಾಳಾದಾಗ ಬದಲಿಸುವುದೇ ಲಾಭವಾ?