ಪದಚರ್ಚೆ: ಮೊಲೆ ಬಿಟ್ಟ ಮೇಲೆ, ಮೈ ತುಂಬುವ ಮೊದಲು – ಈ ನಡುವಿನ ಸಾಕಣೆಗೆ ನಿಮ್ಮ ಕಡೆ ಏನೆನ್ನುತ್ತಾರೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ಮಡಗಾಂವಿನಿಂದ ನಮಸ್ಕಾರ.

ಬ್ರೆಜಿಲ್ ದೇಶದ ದನದ ಮಾಂಸದ ಉದ್ಯಮ ಹೇಗೆ ನಡೆಯುತ್ತದೆ ಎಂಬುದನ್ನು ವಿವರಿಸುವ ಒಂದು ಅಧ್ಯಾಯವನ್ನು ಕೃಷಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಉಳಿದದ್ದು ಸಾಗಿದೆ, ಒಂದು ಪದ ಮಾತ್ರ ಎರಡು ವಾರದಿಂದ ಕೈಗೆ ಸಿಗುತ್ತಿಲ್ಲ. ನಿಮ್ಮಲ್ಲಿ ದನ ಕಟ್ಟಿದವರಿದ್ದೀರಿ, ಸಂತೆ ಸುತ್ತಿದವರಿದ್ದೀರಿ, ಅಂಥವರ ಮನೆಯಲ್ಲಿ ಬೆಳೆದವರಿದ್ದೀರಿ. ನಿಘಂಟಿಗಿಂತ ನಿಮ್ಮ ನೆನಪನ್ನೇ ನಂಬಿ ಕೇಳುತ್ತಿದ್ದೇನೆ.

ಬ್ರೆಜಿಲ್‌ನಲ್ಲಿ ಜನರಿಗಿಂತ ದನಗಳೇ ಹೆಚ್ಚು. 2022ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 20 ಕೋಟಿ 30 ಲಕ್ಷ. ಅದೇ ವರ್ಷ ದನಗಳ ಸಂಖ್ಯೆ 23 ಕೋಟಿ ದಾಟಿತ್ತು. ದನದ ಮಾಂಸದ ರಫ್ತಿನಲ್ಲಿ ಜಗತ್ತಿಗೇ ಮೊದಲ ಸ್ಥಾನ, ಅತಿ ದೊಡ್ಡ ಗಿರಾಕಿ ಚೀನಾ. ಇಷ್ಟು ದೊಡ್ಡ ಕಸುಬನ್ನು ಅವರು ತಮ್ಮ ಪೋರ್ಚುಗೀಸ್ ಭಾಷೆಯ ಮೂರು ಪದಗಳಲ್ಲಿ ಹಂಚಿಕೊಂಡಿದ್ದಾರೆ: ಕ್ರೀಯ, ರೆಕ್ರೀಯ, ಎಂಗೋರ್ದ. ಮೊದಲನೆಯದರಲ್ಲಿ ತಾಯಿ ಹಸುಗಳ ಮಂದೆ ಇರುತ್ತದೆ. ಕರು ಹುಟ್ಟಿ ಏಳೆಂಟು ತಿಂಗಳಾದಾಗ ಮೊಲೆ ಬಿಡಿಸುತ್ತಾರೆ. ಎರಡನೆಯದರಲ್ಲಿ ಆ ಕರು ವರ್ಷವೋ ಅದಕ್ಕಿಂತ ಹೆಚ್ಚೋ ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಎಲುಬು ಉದ್ದವಾಗುತ್ತದೆ, ಖಂಡ ಕೂಡುತ್ತದೆ. ಮೂರನೆಯದರಲ್ಲಿ ಕೊನೆಯ ಕೆಲವು ತಿಂಗಳು ಒಳ್ಳೆಯ ಹುಲ್ಲಿನಲ್ಲೋ ದೊಡ್ಡಿಯಲ್ಲಿ ಕಾಳು ತಿನ್ನಿಸಿಯೋ ಮೈ ತುಂಬಿಸಿ ಕಸಾಯಿಖಾನೆಗೆ ಕಳಿಸುತ್ತಾರೆ. ಮೂರನ್ನೂ ಒಬ್ಬನೇ ಮಾಡುವುದುಂಟು. ಆದರೆ ಹಂತಕ್ಕೊಬ್ಬ ಒಡೆಯನಂತೆ ಕೈ ಬದಲಾಗುವುದೂ ಅಷ್ಟೇ ಸಾಮಾನ್ಯ.

ಮೊದಲನೆಯದಕ್ಕೆ ‘ಕರು ಸಾಕಣೆ’, ಮೂರನೆಯದಕ್ಕೆ ‘ಮೈ ತುಂಬಿಸುವುದು’ ಎಂದು ಬರೆದಿದ್ದೇನೆ. ‘ಕೊಬ್ಬಿಸುವುದು’ ಮೂಲಕ್ಕೆ ಇನ್ನೂ ಹತ್ತಿರ, ಏಕೆಂದರೆ ಗೋರ್ದು ಎಂದರೆ ಕೊಬ್ಬಿದ್ದು ಎಂದೇ ಅರ್ಥ. ಆದರೆ ಕನ್ನಡದಲ್ಲಿ ಕೊಬ್ಬು ಎಂದೊಡನೆ ಸೊಕ್ಕು ಬಂದು ಪಕ್ಕದಲ್ಲಿ ಕೂರುತ್ತದೆ. ರೈತ ತನ್ನ ದನವನ್ನು ಮೆಚ್ಚಿ ಹೇಳುವಾಗ ‘ಮೈ ತುಂಬಿಕೊಂಡಿದೆ’ ಎನ್ನುತ್ತಾನೆಯೇ ಹೊರತು ‘ಕೊಬ್ಬಿದೆ’ ಎನ್ನುವುದಿಲ್ಲ. ಇದರಲ್ಲಿ ನನಗೆ ಅನುಮಾನವಿಲ್ಲ.

ತೊಡಕಿರುವುದು ನಡುವಿನ ರೆಕ್ರೀಯದಲ್ಲಿ. ನಮ್ಮ ಮೇಲಿನ ಮನೆಯ ಅಜ್ಜ ಗೋವಾ ವಿಮೋಚನೆಗೆ ಮೊದಲು ಪೋರ್ಚುಗೀಸ್ ಮಾಧ್ಯಮದಲ್ಲಿ ಓದಿದವರು. ಸಂಜೆ ಅವರ ಬಾಲ್ಕನಿಯಲ್ಲಿ ಕುಳಿತು ಕೇಳಿದೆ. ಕ್ರಿಯಾರ್ ಎಂದರೆ ಸಾಕು, ಬೆಳೆಸು, ಸೃಷ್ಟಿಸು; ಮಗುವಿಗೆ ಕ್ರಿಯಾನ್ಸ ಎನ್ನುವುದೂ ಅದರಿಂದಲೇ ಎಂದರು. ಹಾಗಾದರೆ ರೆಕ್ರೀಯ? ‘ಮತ್ತೆ ಸಾಕುವುದು’ ಎಂದು ಕೊಂಕಣಿಯಲ್ಲಿ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆತ್ತವಳು ಬಿಟ್ಟ ಮೇಲೆ ಬೇರೆಯವರು ಸಾಕುವುದು’ ಎಂದು ತಿದ್ದಿದರು. ಆ ಎರಡನೆಯ ಮಾತು ಯಾವ ನಿಘಂಟಿನಲ್ಲೂ ನನಗೆ ಸಿಕ್ಕಿರಲಿಲ್ಲ. ಅದನ್ನು ಒಂದೇ ಪದದಲ್ಲಿ ಹಿಡಿಯಬೇಕಾಗಿದೆ.

‘ಮರುಸಾಕಣೆ’ ಎಂದರೆ ಸಾಕುವುದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಂತೆ ಕೇಳುತ್ತದೆ. ‘ದ್ವಿತೀಯ ಪೋಷಣೆ’ಯಂಥದ್ದನ್ನು ಕಟ್ಟಲು ನನಗೆ ಮನಸ್ಸಿಲ್ಲ, ಅದನ್ನು ಓದಿದ ಹುಡುಗನಿಗೆ ಒಂದು ಕರುವೂ ಕಣ್ಣ ಮುಂದೆ ಬರುವುದಿಲ್ಲ. ‘ಬೆಳೆಸುವುದು’ ತೀರಾ ಅಗಲ, ಮೂರು ಹಂತವನ್ನೂ ನುಂಗಿಬಿಡುತ್ತದೆ.

ನಡುವಿನದನ್ನು ಮೂರನೆಯದರೊಳಗೆ ಸೇರಿಸಿಬಿಡಿ ಎಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ಅದು ಆಗದು. ಈ ಉದ್ಯಮದ ಅತ್ಯಂತ ದೊಡ್ಡ ವಾದ ಇರುವುದೇ ಆ ನಡುವಿನಲ್ಲಿ. 2009ರಲ್ಲಿ ಅಲ್ಲಿನ ದೊಡ್ಡ ಮಾಂಸ ಕಂಪನಿಗಳು ಅಮೆಜಾನ್ ಸೀಮೆಯಲ್ಲಿ ಹೊಸದಾಗಿ ಕಾಡು ಕಡಿದ ಜಮೀನಿನ ದನ ಕೊಳ್ಳುವುದಿಲ್ಲ ಎಂದು ಒಪ್ಪಿಕೊಂಡವು. ತಪಾಸಣೆ ನಡೆದದ್ದು ಮಾತ್ರ ಹೆಚ್ಚಾಗಿ ಕಸಾಯಿಖಾನೆಗೆ ನೇರವಾಗಿ ಮಾರಿದವನ ಜಮೀನಿನಲ್ಲಿ. ಕರು ಅದಕ್ಕೆ ಮೊದಲು ಯಾರ ಹುಲ್ಲು ಮೇದಿತ್ತು, ಆ ಹುಲ್ಲು ಬೆಳೆದ ನೆಲ ಹಿಂದೆ ಏನಾಗಿತ್ತು ಎಂಬ ಲೆಕ್ಕ ಕೈ ತಪ್ಪುತ್ತದೆ. ದನವನ್ನು ಒಂದು ಜಮೀನಿನಿಂದ ಇನ್ನೊಂದಕ್ಕೆ ಸಾಗಿಸಲು ಪ್ರತಿ ಸಲವೂ ಸರ್ಕಾರದ ರಹದಾರಿ ಬೇಕು. ಆದರೆ ಅದು ಹುಟ್ಟಿದ್ದು ದನಗಳ ರೋಗ ಹರಡದಂತೆ ತಡೆಯಲು, ಕಾಡು ಕಾಯಲು ಅಲ್ಲ. ಕನ್ನಡದಲ್ಲಿ ಆ ಹಂತಕ್ಕೆ ಹೆಸರೇ ಇಲ್ಲದಿದ್ದರೆ ಕರು ಕೈ ಬದಲಾಯಿಸಿದ್ದು ನಮ್ಮ ಓದುಗರಿಗೂ ಕಾಣುವುದಿಲ್ಲ. ಅದಕ್ಕಾಗಿಯೇ ಈ ಹಟ.

ನಮ್ಮಲ್ಲಿ ಈ ಕೆಲಸ ಇಲ್ಲ ಎನ್ನುವಂತಿಲ್ಲ. ನಾನು ರಾಣೆಬೆನ್ನೂರು ಕಡೆಯವನು. ಅಪ್ಪ ಸಂತೆಯಲ್ಲಿ ಹೋರಿಗರುಗಳನ್ನು ಜೋಡಿ ನೋಡಿ ತರುತ್ತಿದ್ದರು, ಎರಡು ವರ್ಷ ಸಾಕಿ, ನೊಗಕ್ಕೆ ಹೂಡಿ ಪಳಗಿಸಿ, ಎತ್ತಾದ ಮೇಲೆ ಮಾರುತ್ತಿದ್ದರು. ಕೊನೆಯ ಗುರಿ ಬೇರೆ, ನಡುವಿನ ಕೆಲಸ ಅದೇ. ಅದಕ್ಕೆ ಅವರು ಹೇಳುತ್ತಿದ್ದದ್ದು ‘ಹೋರಿ ಕಟ್ಟಿದ್ದೇನೆ’ ಎಂದು. ಎಷ್ಟು ಚೆಂದದ ಮಾತು! ಆದರೆ ಬ್ರೆಜಿಲ್‌ನ ಕರು ಆ ಎರಡು ವರ್ಷ ಹಗ್ಗವನ್ನೇ ಕಾಣದೆ ಬಯಲಿನಲ್ಲಿ ಇರುತ್ತದೆ. ಕಟ್ಟುವುದು ಎಂದರೆ ಸುಳ್ಳಾಗುತ್ತದೆ. ಬಕ್ರೀದ್ ಹಬ್ಬಕ್ಕೆ ಟಗರು ಸಾಕುವವರಲ್ಲಿ ‘ಕಟ್ಟಿ ಮೇಯಿಸುವುದು’, ‘ಬಿಟ್ಟು ಮೇಯಿಸುವುದು’ ಎಂಬ ಜೋಡಿ ಇದೆ. ದೊಡ್ಡಿಯಲ್ಲಿ ಕಾಳು ತಿನ್ನಿಸುವುದಕ್ಕೆ ಮೊದಲನೆಯದನ್ನೂ ಹುಲ್ಲುಗಾವಲಿಗೆ ಎರಡನೆಯದನ್ನೂ ಈಗಾಗಲೇ ಬಳಸಿಕೊಂಡಿದ್ದೇನೆ. ಆದರೆ ಅವು ಮೇವಿನ ರೀತಿಯನ್ನು ಹೇಳುತ್ತವೆ, ಹಂತವನ್ನು ಹೇಳುವುದಿಲ್ಲ.

ಸದ್ಯಕ್ಕೆ ನನ್ನ ಮನಸ್ಸು ವಾಲುತ್ತಿರುವುದು ‘ಪಡ್ಡೆ ಸಾಕಣೆ’ಯ ಕಡೆಗೆ. ಪಡ್ಡೆ ಹುಡುಗರು ಎಂದು ಎಲ್ಲರೂ ಬಳಸುತ್ತೇವೆ. ಕರುತನ ಕಳೆದು ಇನ್ನೂ ದೊಡ್ಡದಾಗದ ವಯಸ್ಸು ಅದರಲ್ಲಿ ಸರಿಯಾಗಿ ಇದೆ. ಆದರೆ ನಮ್ಮ ಕಡೆ ದನಕರುಗಳ ವಿಷಯದಲ್ಲಿ ಪಡ್ಡೆ ಎಂದರೆ ಇನ್ನೂ ಈಯದ ಹೆಣ್ಣು. ರೆಕ್ರೀಯದಲ್ಲಿ ಗಂಡೂ ಇರುತ್ತದೆ, ಮುಂದೆ ತಾಯಿ ಮಂದೆಗೆ ಸೇರಬೇಕಾದ ಕಡಸೂ ಇರುತ್ತದೆ. ಗಂಡು ಕರುವಿಗೂ ಪಡ್ಡೆ ಎನ್ನುವ ಊರು ನಿಮಗೆ ಗೊತ್ತೇ? ಹಳೇ ಮೈಸೂರಿನವರು, ಕೋಲಾರದವರು, ಬೀದರಿನವರು ದಯವಿಟ್ಟು ಹೇಳಿ.

ಎರಡನೆಯ ಪ್ರಶ್ನೆ ಎತ್ತಿನದು. ಅಲ್ಲಿನ ಪೇಟೆಯಲ್ಲಿ ಧಾರಣೆ ಕಟ್ಟುವುದು ‘ಬೋಯ್ ಗೋರ್ದು’ವಿಗೆ. ಬೋಯ್ ಎಂದರೆ ಬೀಜ ಒಡೆದ ಗಂಡು, ಗೂಳಿಗೆ ತೋರು ಎಂಬ ಬೇರೆ ಪದವಿದೆ. ನಮ್ಮಲ್ಲಿಯೂ ಬೀಜ ಒಡೆದದ್ದು ಎತ್ತೇ. ಅರ್ಥ ಕೂದಲಷ್ಟೂ ಆಚೀಚೆ ಇಲ್ಲ. ಆದರೂ ಎತ್ತು ಎಂದು ಬರೆದಾಗ ನನ್ನ ಕೈ ನಿಲ್ಲುತ್ತದೆ. ಎತ್ತಿನ ಹೆಗಲ ಮೇಲೆ ನೊಗದ ಕಾಯಿ ಕಟ್ಟಿರುತ್ತದೆ. ಕಾರಹುಣ್ಣಿಮೆಗೆ ಅದರ ಕೊಂಬಿಗೆ ಬಣ್ಣ ಹಚ್ಚಿರುತ್ತೇವೆ. ನೊಗವನ್ನೇ ಕಾಣದೆ ಮೂರು ವರ್ಷಕ್ಕೆ ಮುಗಿಯುವ ಜೀವಕ್ಕೆ ಆ ಹೆಸರು ಕೊಡಬಹುದೇ? ಸಾಲದೆಂಬಂತೆ ಬೀಜ ಒಡೆಯದೆಯೇ ಬೆಳೆಸಿ ಕಳಿಸುವ ಗಂಡುಗಳೂ ಅಲ್ಲಿ ಬಹಳ, ಅದಕ್ಕೆ ‘ಇಡೀ ಬೋಯ್’ ಎನ್ನುತ್ತಾರೆ. ಕನ್ನಡದಲ್ಲಿ ಇಡೀ ಎತ್ತು ಎಂದರೆ ಏನೂ ಆಗುವುದಿಲ್ಲ. ಬೀಜದ ಹೋರಿ ಎಂದರೆ ಹಸುವಿಗೆ ಬಿಡುವ ಹೋರಿ ಎಂದಾಗುತ್ತದೆ. ಎರಡಕ್ಕೂ ಸೇರಿಸಿ ‘ಮಾಂಸದ ಹೋರಿ’ ಎಂದು ಸದ್ಯ ಬರೆದಿಟ್ಟಿದ್ದೇನೆ.

ಒಂದು ಕಡೆ ಮಾತ್ರ ಪದ ಹುಡುಕಬೇಕಾಗಲಿಲ್ಲ, ಅದನ್ನು ಹಂಚಿಕೊಳ್ಳದೆ ಇರಲಾರೆ. ಚೀನಾಕ್ಕೆ ಹೋಗುವ ದನ 30 ತಿಂಗಳೊಳಗಿನದಾಗಿರಬೇಕು. ಹುಟ್ಟಿದ ದಿನದ ದಾಖಲೆ ಎಲ್ಲದಕ್ಕೂ ಇರುವುದಿಲ್ಲವಲ್ಲ. ಕಸಾಯಿಖಾನೆಯಲ್ಲಿ ಬಾಯಿ ನೋಡುತ್ತಾರೆ. ಹಾಲು ಹಲ್ಲು ಬಿದ್ದು ಬಂದ ಹಲ್ಲು ನಾಲ್ಕನ್ನು ಮೀರಿರಬಾರದು. ಹಾಲು ಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು – ಅವರ ಪಟ್ಟಿ ಇದೇ! ಅಪ್ಪ ಸಂತೆಯಲ್ಲಿ ಹೋರಿಯ ಮೂಗುದಾರ ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಳತುಟಿ ಇಳಿಸಿ, ಒಂದೇ ನೋಟಕ್ಕೆ ‘ನಾಲ್ಕು ಹಲ್ಲು’ ಎನ್ನುತ್ತಿದ್ದರು. ಆಮೇಲೆ ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳಿನಲ್ಲಿ ದರ ಮಾತಾಡುತ್ತಿದ್ದರು. ಎಂಟೂ ಬಂದರೆ ‘ಬಾಯಿಗೂಡಿದೆ’. ಈ ಭಾಗ ಅನುವಾದಿಸುವಾಗ ಪೆನ್ನು ಎತ್ತಲೇ ಇಲ್ಲ.

ತೂಕದ ಪದವನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ: ಅರ್ರೋಬ. ಅರಬ್ಬಿಯ ‘ಕಾಲು ಭಾಗ’ದಿಂದ ಬಂದದ್ದು. ದನದ ವ್ಯಾಪಾರದಲ್ಲಿ ಈಗ ಸರಿಯಾಗಿ 15 ಕಿಲೋ, ಅದೂ ಸುಲಿದ ತೂಕ. ಸುಲಿದ ಮೇಲೆ ಉಳಿಯುವುದು ಜೀವಂತ ತೂಕದ ಅರ್ಧ, ಅಥವಾ ತುಸು ಹೆಚ್ಚು. ಹಾಗಾಗಿ ನಿಂತ ದನದ ಸುಮಾರು 30 ಕಿಲೋಗೆ ಒಂದು ಅರ್ರೋಬ ಎಂದು ರೈತ ಲೆಕ್ಕ ಹಾಕುತ್ತಾನೆ. ನಾವು ದಿನವೂ ಮಿಂಚಂಚೆಯ ವಿಳಾಸದ ನಡುವೆ ಒತ್ತುವ ಸುತ್ತಿದ ‘ಎ’ ಚಿಹ್ನೆಗೆ ಪೋರ್ಚುಗೀಸಿನಲ್ಲಿ ಹೆಸರು ಇದೇ. ದನದ ಧಾರಣೆಪಟ್ಟಿಯಲ್ಲಿ ಇವತ್ತಿಗೂ ಅದನ್ನು ತೂಕದ ಗುರುತಾಗಿಯೇ ಬರೆಯುತ್ತಾರೆ.

ತಳಿಯ ಹೆಸರು ಒಂದು ಉಳಿಯಿತು. ಅಲ್ಲಿನ ಮಾಂಸದ ದನಗಳಲ್ಲಿ ಬಹುಪಾಲು ನೆಲೋರಿ ಅಥವಾ ಅದರ ಮಿಶ್ರತಳಿ. ನಮ್ಮ ಪಕ್ಕದ ನೆಲ್ಲೂರಿನ ಹೆಸರೇ ಅದು. ಹಿಂದೆ ಇಲ್ಲಿಂದ ಹಡಗೇರಿ ಹೋದ ಓಂಗೋಲ್ ದನಗಳ ಸಂತತಿ. ಚಿತ್ರದಲ್ಲಿ ಆ ಬಿಳಿ ಮೈ, ಹಿಣಿಲು, ಜೋಲುವ ಗಂಗೆದೊಗಲು ನೋಡಿದರೆ ಪರದೇಶದ್ದು ಎನಿಸುವುದೇ ಇಲ್ಲ. ಓಂಗೋಲ್ ಎಂದೇ ಬರೆಯೋಣವೆಂದು ಮೊದಲು ಆಸೆಯಾಯಿತು. ಆದರೆ ಇಲ್ಲಿ ಉಳುಮೆಗೂ ಹಾಲಿಗೂ ಸಾಕಿದ ದನವನ್ನು ಅವರು ತಲೆಮಾರುಗಳಿಂದ ಮಾಂಸಕ್ಕೆಂದೇ ಆರಿಸಿ ಬೆಳೆಸಿದ್ದಾರೆ. ಅದು ಈಗ ಬೇರೆಯದೇ ದನ. ನೆಲೋರಿ ಎಂದೇ ಬರೆದು, ಮೊದಲ ಸಲ ಬಂದಾಗ ಊರಿನ ಹೆಸರನ್ನು ಹೇಳುತ್ತೇನೆ.

ಹಸ್ತಪ್ರತಿ ಈ ತಿಂಗಳ ಕೊನೆಗೆ ಹೋಗಬೇಕು. ರೆಕ್ರೀಯ ಬಂದ ಹನ್ನೊಂದು ಕಡೆಯೂ ಪೆನ್ಸಿಲಿನಲ್ಲಿ ‘ಪಡ್ಡೆ’ ಎಂದು ಬರೆದು ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ನಿಮ್ಮ ಊರಿನ ಪದ, ಅದನ್ನು ಯಾರ ಬಾಯಲ್ಲಿ ಕೇಳಿದಿರಿ, ಯಾವ ಪ್ರಾಣಿಗೆ ಬಳಸಿದರು – ಈ ಮೂರನ್ನೂ ಬರೆಯಿರಿ. ಕುರಿಗೋ ಮೇಕೆಗೋ ಹೇಳುವ ಪದವಾದರೂ ಆದೀತು.