ಅಪ್ಪಂಗೆ ಸ್ಟ್ರೋಕ್ ಆದ್ಮೇಲೆ ಬ್ಯಾಲೆನ್ಸ್ ಬರ್ತಿಲ್ಲ, ಎಕ್ಸರ್‌ಸೈಜ್ ಮಾಡಿಸಿದೋರು ಅನುಭವ ಹೇಳಿ

ರಾಜಾಜಿನಗರದ ಮಗ: ಅಪ್ಪಂಗೆ ಎಡಗಡೆ ಬಿದ್ದೋಗಿತ್ತು. ಈಗ ಕೋಲು ಹಿಡ್ಕೊಂಡು ನಡೀತಾರೆ, ತಿರುಗುವಾಗ ವಾಲ್ತಾರೆ. ಫಿಸಿಯೋನ ಮನೆಗೇ ಕರ್ಸೋದಾ, ಸೆಂಟರ್‌ಗೆ ಕರ್ಕೊಂಡು ಹೋಗೋದಾ?

ವಿಜಯನಗರ: ಮನೆಗೇ ಕರ್ಸಿ. ನಮ್ಮಮ್ಮಂಗೆ ಒಂದ್ಸಲಕ್ಕೆ 700 ಕೊಟ್ವಿ, ಇನ್ಶೂರೆನ್ಸ್‌ನೋರು ಅಡ್ಮಿಟ್ ಆಗಿದ್ದಷ್ಟಕ್ಕೇ ಕೊಟ್ರು, ಆಮೇಲಿನ ಫಿಸಿಯೋಗೆ ನಯಾಪೈಸೆ ಇಲ್ಲ. ಮೊದಲು ಬಂದೋನು ಮಲಗ್ಸಿ ಕಾಲು ಎತ್ತಿ ಇಳ್ಸಿ ದುಡ್ಡು ಇಸ್ಕೊಂಡು ಹೋಗ್ತಿದ್ದ, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆಮೇಲೆ ಬಂದ ಹುಡುಗಿ ಅಮ್ಮನ್ನ ಸೀದಾ ಅಡುಗೆಮನೆ ಕಟ್ಟೆ ಮುಂದೆ ನಿಲ್ಸಿದ್ಲು. ಬಿದ್ದಿರೋ ಕಾಲಿನ ಕಡೆ ಶೆಲ್ಫಲ್ಲಿ ಸಾಸಿವೆ ಡಬ್ಬ ಇಟ್ಟು, ಆ ಕಾಲ್ಮೇಲೆ ಭಾರ ಹಾಕಿ ಒಳ್ಳೆ ಕೈಯಲ್ಲಿ ತೆಗೀರಿ ಅನ್ನೋಳು. ಕೈ ಊರದೆ ಕುರ್ಚಿಯಿಂದ ಏಳೋದು ಕೂರೋದು, ಅದೇ ಮತ್ತೆ ಮತ್ತೆ. ಈಗ ಅಮ್ಮ ಒಬ್ರೇ ಬಾತ್‌ರೂಮಿಗೆ ಹೋಗ್ತಾರೆ.

ಯಲಹಂಕ: ಸೆಂಟರೇ ಬೇಕು. ನಮ್ ಯಜಮಾನ್ರನ್ನ ಹೆಬ್ಬಾಳದ ಟ್ರಾಫಿಕ್ಕಲ್ಲಿ ಆಟೋಲಿ ಕರ್ಕೊಂಡು ಹೋಗಿ ಬರೋಕೇ 600 ಆಗ್ತಿತ್ತು, ಆದ್ರೂ ಬಿಡ್ಲಿಲ್ಲ. ಅಲ್ಲಿ ಬ್ಯಾಲೆನ್ಸ್ ಎಷ್ಟಿದೆ ಅಂತ ಅಳೆಯೋಕೆ ಬರ್ಗ್ ಸ್ಕೇಲ್ ಅಂತ 14 ಟೆಸ್ಟ್ ಮಾಡ್ತಾರೆ, 56ಕ್ಕೆ ಮಾರ್ಕ್ಸು. 28 ಇದ್ದೋರು 43ಕ್ಕೆ ಬಂದ್ರು, ಅಡುಗೆಮನೇಲಿ ಇದನ್ನೆಲ್ಲ ಯಾರು ಅಳೀತಾರೆ? ಪಾದ ಜೋತುಬೀಳುತ್ತೆ ಅಂತ ತಗೊಂಡ ಸ್ಪ್ಲಿಂಟ್, ಅಂದ್ರೆ ಪಾದ ಎತ್ತಿ ಹಿಡಿಯೋ ಪಟ್ಟಿ, 3,500, ಹಿಮ್ಮಡಿ ತಿಕ್ಕಿ ಗಾಯ ಆಗಿ ಅದನ್ನ ಮೂಲೆಗಿಟ್ಟು, ಅಳತೆ ಕೊಟ್ಟು ಬೇರೆ ಮಾಡ್ಸಿದ್ದಕ್ಕೆ 6,000, ಅದಕ್ಕೆ ದೊಡ್ಡ ಸೈಜ್ ಶೂ ಬೇರೆ.

ವಿಜಯನಗರ: ಮೇಡಂ, ನಮ್ ಹುಡುಗೀನೂ ಅದೇ ಟೆಸ್ಟ್ ಮನೇಲೇ ಮಾಡಿದ್ಲು. ಕುರ್ಚಿ, ಸ್ಟೂಲು, ಟೇಪು, ವಾಚು ಇದ್ರೆ ಸಾಕು. ಗೊತ್ತಿಲ್ದೆ ಮಾತಾಡ್ಬೇಡಿ.

ಬನಶಂಕರಿ: ಬರೋದೆಲ್ಲ ಮೂರು ತಿಂಗಳಲ್ಲೇ ಬರೋದು, ಆಮೇಲೆ ಸುಮ್ನೆ ದುಡ್ಡು ದಂಡ. ಮಾವನೋರಿಗೆ ಎಣ್ಣೆ ಮಸಾಜಿಗೆ 85,000 ಹಾಕಿದ್ವಿ, ಬಿಗಿ ಕಮ್ಮಿಯಾಗಿ ರಾತ್ರಿ ನಿದ್ದೆ ಮಾಡ್ತಾರೆ.

ಯಲಹಂಕ: ನಿದ್ದೆ ಬಂದ್ರೆ ಬ್ಯಾಲೆನ್ಸ್ ಬಂದಂಗಾ ಸರ್? ಮಾವನೋರು ನಡೀತಾರಾ, ಅದು ಹೇಳಿ. ಮೊದಲ ಮೂರು ತಿಂಗಳು ಬೇಗ ಬೇಗ ಸುಧಾರಿಸ್ತಾರೆ ಅಷ್ಟೇ, ಆಮೇಲೂ ಮಾಡಿಸ್ತಿದ್ರೆ ಬರುತ್ತೆ. ನಮ್ಮೋರು ಮೆಟ್ಲು ಹತ್ತಿದ್ದೇ ವರ್ಷ ಆದ್ಮೇಲೆ. ಇಂಥ ಮಾತು ಕೇಳಿ ಎಷ್ಟು ಜನ ಅರ್ಧಕ್ಕೇ ಬಿಡ್ತಾರೆ ಗೊತ್ತಾ?

ಬನಶಂಕರಿ: ನಮ್ಮನೆ ಕಷ್ಟ ನಿಮಗೇನ್ ಗೊತ್ತು? ಮಾವನೋರು 82 ಕೆಜಿ, ಎತ್ತಿ ಎತ್ತಿ ನನ್ ಸೊಂಟ ಹೋಗಿದೆ.

ವಿಜಯನಗರ: ಜಗಳ ಬಿಡ್ರಪ್ಪ. ರಾಜಾಜಿನಗರದೋರೇ, ಬಿದ್ದಿರೋ ಕೈ ಹಿಡಿದು ಮಾತ್ರ ಎಳ್ದು ಎಬ್ಬಿಸ್ಬೇಡಿ, ಭುಜದ ಕೀಲು ಜಾರುತ್ತೆ, ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ ಅದನ್ನ ಹಿಡೀರಿ. ಮನೇಲಿ ಸರಿ ಹೋದ್ರೂ ನಮ್ ರಸ್ತೆ ಫುಟ್‌ಪಾತ್ ಕಲ್ಲು ಎದ್ದಿದೆ, ಅಮ್ಮನ್ನ ಗೇಟಾಚೆ ಬಿಡೋಕೇ ಭಯ.

ಯಲಹಂಕ: ಅದಕ್ಕೇ ಸೆಂಟರಲ್ಲಿ ಏರುಪೇರು ನೆಲದ ಮೇಲೂ ನಡೆಸ್ತಾರೆ, ಆಗ್ಲೇ ಹೇಳಿದ್ನಲ್ಲ.

ವಿಜಯನಗರ: ಎಲ್ಲಿ ಹೇಳಿದ್ರಿ?